ನಾಲ್ಕನೇ ಕಲಂ

ಸೂರ್ ಊರಿನ ದಂಡೆಯ ಈ ಸಂಶೋಧನಾ ಠಾಣೆ
ಐದು ವಿಶ್ವವಿದ್ಯಾಲಯಗಳ ಕೂಡುಸೊತ್ತು.
ಒಂದು ಸೂಕ್ಷ್ಮದರ್ಶಕ, ಒಂದು ಗಣಕ, ಎಂಟು ತೇಲುಬುರುಡೆ,
ನೂರಾ ಹನ್ನೆರಡು ಪಾಸ್‌ವರ್ಡು.
ಅದರಲ್ಲಿ ಎಷ್ಟಕ್ಕೆ ಜೀವವಿದೆ ಎಂದು
ಎಣಿಸಿ ಹೇಳುವುದು ನನ್ನ ಸಂಬಳದ ಕೆಲಸ.

ಯಾರು ಒಳಗೆ ಬರಬಹುದು, ಬಂದವರು
ಏನನ್ನು ಮುಟ್ಟಬಹುದು, ಮುಟ್ಟಿದ ಮೇಲೆ
ಯಾರ ಹೆಸರು ದಾಖಲೆಯಲ್ಲಿ ಉಳಿಯಬೇಕು,
ಇಷ್ಟನ್ನು ಹನ್ನೊಂದು ಪುಟದಲ್ಲಿ ಬರೆಯಬೇಕು.
ಎರಡು ಕರಡು ವಾಪಸು ಬಂದಿವೆ.
ಗುರುವಾರ ಸಭೆ.

ನಾಲ್ಕನೇ ಕಲಂ: ‘ಬಳಕೆದಾರನೆಂದರೆ
ಯಾವನನ್ನು ಅವನ ಸಂಸ್ಥೆ ತನ್ನವನೆಂದು ಒಪ್ಪುತ್ತದೋ ಅವನು.’
ಕೊಲ್ಲಿಗೆ ಬಂದವರಿಗೆ ಇದೇನೂ ಹೊಸತಲ್ಲ.
ನಾನು ನಾನೇ ಎನ್ನಲು ನನ್ನ ಮಾತು ಸಾಲದು,
ಕಫೀಲನ ಸಹಿ ಬೇಕು.

ಇದೇ ಕಡಲಿನ ಆಚೆ ದಂಡೆ, ಅಂಕೋಲೆಯಲ್ಲಿ, ನಾನು ಪುಂಡಲೀಕ.
ಅರಬ್ಬಿಯಲ್ಲಿ ‘ಪ’ ಇಲ್ಲ; ಗುರುತುಚೀಟಿಯಲ್ಲಿ ಬುಂದಲೀಕ.
ಅಡ್ಡಹೆಸರಿಲ್ಲವೆಂದು ಮಸ್ಕತ್ತಿನ ಕಚೇರಿ
ಅಪ್ಪನನ್ನೇ ಬೆನ್ನಿಗೆ ಕಟ್ಟಿತು: ಪುಂಡಲೀಕ್ ಹಮ್ಮಣ್ಣ.
ಗಣಕ ನಮ್ಮನ್ನು ಮೂವರೆಂದು ನಂಬಿ
ಮೂವರಿಗೂ ಹುಟ್ಟುಹಬ್ಬದ ಹಾರೈಕೆ ಕಳಿಸುತ್ತದೆ.

ದಾಖಲೆ ಜಾಲಾಡುವಾಗ ಸಿಕ್ಕಿದ್ದು:
ಮೂರು ವರ್ಷದ ಹಿಂದೆ ಊರಿಗೆ ಮರಳಿದ ಡಚ್ ಹುಡುಗಿ
ಹದಿನೈದು ದಿನಕ್ಕೊಮ್ಮೆ, ನಸುಕಿನ ಐದಕ್ಕೆ,
ಈಗಲೂ ಒಳಗೆ ಬರುತ್ತಾಳೆ.
ಬರೆಯುವುದು ಒಂದೇ ಸಾಲು:
‘ಆರನೇ ಬುರುಡೆ. ಕೆರೆದೆ. ನೀರು ತಿಳಿ.’

ಹುಡುಕಿಕೊಂಡು ಹೋದರೆ ಜೆಟ್ಟಿಯ ಮೇಲೆ ಖಲ್ಫಾನ್,
ಅಂಗೈಯೆಲ್ಲ ಚಿಪ್ಪು ಗೀರಿದ ಗಾಯ.
ಅಜ್ಜ ಹಡಗು ಕಟ್ಟುತ್ತಿದ್ದ; ಇವನು ದಿನಗೂಲಿಗೆ ದೋಣಿ ಬಿಡುತ್ತಾನೆ.
ಐದರಲ್ಲಿ ಯಾವ ವಿಶ್ವವಿದ್ಯಾಲಯಕ್ಕೂ ಇವನು ತನ್ನವನಲ್ಲ.
‘ಹೋಗುವಾಗ ಅವಳು ಬೀಗದಕೈ ಕೊಟ್ಟು ಹೋದಳು,’ ಅಂದ.
‘ಚಿಪ್ಪು ಕೆರೆಯದಿದ್ದರೆ ನಿಮ್ಮ ಯಂತ್ರ ಸುಳ್ಳು ಹೇಳುತ್ತೆ.’

ನಿಯಮ ಬರೆಯುವವನು ನಾನೇ.
ಆ ರಾತ್ರಿಯೇ ಖಾತೆ ಮುಚ್ಚಿದೆ.
ಮುಚ್ಚಿ, ನಿದ್ದೆ ಬಾರದೆ,
ಕಲಮಿಗೊಂದು ಬಾಲ ಅಂಟಿಸಿದೆ:
‘ಅಥವಾ, ಯಾರ ಕೈಯಿಲ್ಲದೆ ಮಾಹಿತಿ ಕೆಡುತ್ತದೋ ಅವನೂ.’

ಗುರುವಾರ, ಮೇಜಿನ ತುದಿಯಿಂದ ಡಾಕ್ಟರ್ ಶಮ್ಸಾ:
‘ಸರಿ. ಅವನಿಗೆ ಹೊಣೆ ಯಾರು?’
ಕಹ್ವಾ ಆರುವಷ್ಟು ಹೊತ್ತು ಯಾರೂ ಮಾತಾಡಲಿಲ್ಲ.

ನಾನು, ಅಂದೆ.

ಖಲ್ಫಾನ್ ನಕ್ಕ ನಗೆಗೆ ದೋಣಿ ಹೊಯ್ದಾಡಿತು.
ಏಳು ತಲೆಮಾರು ಇದೇ ಮರಳಲ್ಲಿ ಮಣ್ಣಾದವರ ಮೊಮ್ಮಗನಿಗೆ
ವೀಸಾದ ಮೇಲೆ ಬಂದವನೊಬ್ಬ ಕಫೀಲ!
ಹಾಳೆಯ ಮೇಲೆ ಪೆನ್ನು ಊರಿ ಕೂತಿದ್ದೇನೆ.
ಮೂರರಲ್ಲಿ ಯಾವ ಹೆಸರು, ಖಲ್ಫಾನ್?
‘ನಾನು ಕರೆಯೋದು ಬರಿ,’ ಅಂದ, ಹಗ್ಗ ಬಿಚ್ಚುತ್ತ,
‘ಬೇಗ ಬರಿ. ಇಳಿತ ಶುರುವಾಯ್ತು.’