ಆಡಿದ್ದು

‘ನಾಲ್ಕು ವರ್ಷ ಓದಿ ಕಲಿತದ್ದು ಆಟವಾ?’
ಲಾಬ್‌ಸ್ಟರ್ ಬೋನಿಗೆ ಬಲೆ ಹೆಣೆಯುತ್ತ
ತಲೆಯೆತ್ತದೆ ಕೇಳಿದ್ದ ಅಪ್ಪ.
ಪದವಿಯ ಕಪ್ಪು ನಿಲುವಂಗಿ ಇನ್ನೂ ಮೈಮೇಲಿತ್ತು.
ಮನರಂಜನಾ ಚಿಕಿತ್ಸೆ, ಅಂದೆ. ಎರಡು ಸಲ ಅಂದೆ.
ಅಮ್ಮ ನಡುವೆ ಬಂದು ‘ಆಸ್ಪತ್ರೆ ಕೆಲಸ’ ಅಂದುಬಿಟ್ಟಳು.
ಅಲ್ಲಿಗೆ ಮನೆಯ ಮರ್ಯಾದೆ ಉಳಿಯಿತು.

ಆ ವರ್ಷ ನಾವು ಹನ್ನೊಂದು ಜನ.
ಡೂಗಲ್ ತಿಮಿಂಗಿಲ ತೋರಿಸುವ ದೋಣಿಯಲ್ಲಿದ್ದಾನೆ,
ಅದು ಬಾರದ ದಿನ ಕ್ಷಮೆ ಕೇಳುವುದೇ ಅವನ ಕಸುಬು.
ಹೊಟ್ಟೆ ತೊಳಸಿದವರಿಗೆ ಶುಂಠಿ ಮಿಠಾಯಿ.
ಅಳುವ ಮಗುವಿಗೆ ಒಮ್ಮೆ ಸೀಲ್ ತೋರಿಸಿ
‘ಅದೇ, ಸ್ವಲ್ಪ ಚಿಕ್ಕದು’ ಎಂದನಂತೆ.
ಕೋಲೆಟ್‌ಳ ಹೋಟೆಲು ಅಕ್ಟೋಬರಿನ ಎಲೆಗಳೊಂದಿಗೆ
ಬಾಗಿಲು ಹಾಕಿಕೊಳ್ಳುತ್ತದೆ,
ಮೇ ತನಕ ಅವಳಿಗೆ ನಿರುದ್ಯೋಗ ಭತ್ಯೆ,
ಯಾರಿಗೂ ತೋರಿಸದ ಹೆಣಿಗೆ.
ಜೋಯೆಲ್ ಡೆನ್ನಿ ಊರಿನ ಸ್ಕೇಟಿಂಗ್ ಅಂಗಳದ ಮ್ಯಾನೇಜರು,
ಕಾಗದದ ಮೇಲೆ.
ನಡುರಾತ್ರಿ ಐಸು ಸವರುವ ಯಂತ್ರವನ್ನೂ ಅವನೇ ಓಡಿಸುತ್ತಾನೆ.
ಗಿಲೆನ್ ವಿಮೆ ಮಾರಲು ಹೋದಳು,
ನಮ್ಮೆಲ್ಲರಿಗಿಂತ ಚೆನ್ನಾಗಿ ನಗಿಸುತ್ತಿದ್ದವಳು.
ಮದುವೆಯೊಂದರಲ್ಲಿ ಸಿಕ್ಕು, ನನ್ನ ಕೈ ಹಿಡಿದು ಕೇಳಿದಳು:
‘ನೀನು ಇನ್ನೂ ಆಡುತ್ತಿದ್ದೀಯಾ?’

ಹೌದು. ಗ್ಲೇಸ್ ಬೇಯ ಆರೈಕೆ ಮನೆ, ಎರಡನೇ ಮಹಡಿ,
ಕಿಟಕಿಯಾಚೆ ಮುಚ್ಚಿದ ಗಣಿ, ಅದರಾಚೆ ಕಡಲು.
ಬಜೆಟ್ಟಿನಲ್ಲಿ ನರ್ಸು, ಅಡುಗೆ, ಲಾಂಡ್ರಿ,
ಹಿಮ ಬಾಚುವ ಹುಡುಗ, ಆಮೇಲೆ ನಾನು.
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಏಳನೇ ಕೋಣೆಯಲ್ಲಿ ಲಾಕ್ಲನ್ ಮಕೈಸಾಕ್.
ಮೂವತ್ತೊಂದು ವರ್ಷ ಕಡಲ ತಳದಡಿ ಕಲ್ಲಿದ್ದಲು ಕಡಿದವರು.
ಲಕ್ವ ಹೊಡೆದು ಐದು ತಿಂಗಳು, ತುಟಿ ಪಿಟಕ್ಕೆಂದಿರಲಿಲ್ಲ.
ನಾನಿಟ್ಟ ಬಣ್ಣಗಳನ್ನು ನೋಡಲಿಲ್ಲ.
ಬಿಂಗೊ ಚೀಟಿಯನ್ನು ಮಡಿಸಿ, ಮಡಿಸಿ,
ಕುಂಟುವ ಮೇಜಿನ ಕಾಲಡಿಗೆ ಸೇರಿಸಿದರು;
ಮೇಜಿಗೆ ವಾಸಿಯಾಯಿತು.
ಅವರತ್ತ ಬಲೂನು ತಟ್ಟಿದ ದಿನ
ಅವರು ನನ್ನನ್ನು ನೋಡಿದ ನೋಟಕ್ಕೆ
ಬಲೂನು ಅವುಚಿಕೊಂಡು ಹೊರಗೆ ಬಂದು
ಉಗ್ರಾಣದ ಕತ್ತಲಲ್ಲಿ ಕೂತಿದ್ದೆ, ಬಹಳ ಹೊತ್ತು.

ಫೆಬ್ರವರಿಯ ಒಂದು ರಾತ್ರಿ ಹಿಮ ಸುರಿದು ದಾರಿ ಮುಚ್ಚಿ
ಪಾಳಿ ಬದಲಿಸುವವರು ಬರಲಿಲ್ಲ.
ಮಲಗಿಸುವವರನ್ನು ಮಲಗಿಸಿ
ನಾನು, ಲಾಂಡ್ರಿಯ ಬರ್ನಾಡೆಟ್, ಹಿಮ ಬಾಚುವ ಹುಡುಗ
ಟಾರ್ಬಿಷ್‌ಗೆ ಕೂತೆವು, ಈ ದ್ವೀಪದ ಇಸ್ಪೀಟು.
ನಾಲ್ಕನೇ ಕೈ ಬೇಕಿತ್ತು, ಅಷ್ಟೆ.
ಏಳನೇ ಕೋಣೆಯಲ್ಲಿ ದೀಪವಿತ್ತು.
ಗಾಲಿಕುರ್ಚಿ ತಳ್ಳಿಕೊಂಡು ಬಂದೆ.
ಒಂದೇ ಕೈಯಲ್ಲಿ ಒಂಬತ್ತು ಎಲೆ ನಿಲ್ಲದೆ ಜಾರಿದಾಗ
ಬರ್ನಾಡೆಟ್ ಬಟ್ಟೆ ಉಜ್ಜುವ ಬ್ರಷ್ಷು ತಂದು
ಅಂಗಾತ ಇಟ್ಟು, ಅದರ ಬಿರುಗೂದಲ ಸಾಲಿನಲ್ಲಿ
ನೆಟ್ಟಳು ಎಲೆಗಳನ್ನು, ಪೈರಿನಂತೆ.

ಮೂರನೆಯ ಸುತ್ತು. ಕಳಾವರ್ ತುರುಫು.
ಅವರ ಎಡಗೈ ಹೊರಟಿತು, ತಡೆಯಿತು, ಹೊರಟಿತು,
ರಾಜನನ್ನು ಮೇಜಿಗೆ ಬಡಿಯಿತು.
‘ಬೆಲ್ಲಾ.’

ತುರುಫಿನ ರಾಜ, ರಾಣಿ ಇಬ್ಬರೂ ಬಂದವರು
ಕೂಗುವ ಮಾತು ಅದು. ಇಪ್ಪತ್ತು ಅಂಕ.
ಹೀಟರಿನ ಸದ್ದು ಕೇಳಿಸಿತು. ಹುಡುಗ ಟೊಪ್ಪಿ ತೆಗೆದ.
ಬರ್ನಾಡೆಟ್ ಮುಖ ಮುಚ್ಚಿಕೊಂಡಳು,
ಅಳುತ್ತಾಳೆ ಅಂದುಕೊಂಡೆ.
‘ಕಳ್ಳ ಮುದುಕ! ರಾಣಿ ನನ್ನ ಹತ್ತಿರ ಇದ್ದಾಳೆ!’
ಲಾಕ್ಲನ್ನರ ಎಡಗೆನ್ನೆ ಮಾತ್ರ
ನಗುವಷ್ಟು ನಕ್ಕಿತು.

ಬೆಳಿಗ್ಗೆ ನಮೂನೆ ತುಂಬಬೇಕು.
ಗುರಿ. ಅವಧಿ. ಬಳಸಿದ ಸಾಮಗ್ರಿ: ಬ್ರಷ್ಷು, ಒಂದು.
ಆಡಿದ್ದು: ಏಳು ಆಟ, ಒಂದು ಮಾತು.
ಮಾತು ಸಂದರ್ಭಕ್ಕೆ ತಕ್ಕುದಾಗಿತ್ತೇ?
ಪೆನ್ನು ಕಚ್ಚಿ ಕೂತು, ಕೊನೆಗೆ ಬರೆದೆ:
ಸುಳ್ಳು. ತಕ್ಕುದಾಗಿತ್ತು.

ಭಾನುವಾರ ಅಪ್ಪನಿಗೆ ಹೇಳಿದೆ.
ಬಲೆಯ ಸೂಜಿ ನಿಂತಿತು.
‘ಆ ಇಪ್ಪತ್ತು ಲೆಕ್ಕಕ್ಕೆ ಹಿಡಿದಿರಾ?’
‘ಹಿಡಿದೆವು.’
‘ಹಿಡಿಯಬಾರದಿತ್ತು,’ ಎಂದ, ತೀರಾ ಗಂಭೀರವಾಗಿ,
ಇನ್ನೊಂದು ಕುರ್ಚಿಯನ್ನು ಕಾಲಲ್ಲೇ ನನ್ನತ್ತ ಸರಿಸುತ್ತ.
‘ಕೂತುಕೋ. ಮೊದಲಿಂದ ಹೇಳು.
ಮೊದಲ ಎಲೆ ಯಾರು ಇಳಿಸಿದ್ದು?’