ಮೂರೂಕಾಲಿನ ಹಲಗೆ

ಮೂರು ಸಲ ಗಾಜು ಹಾಕಿಸಿ ಸಾಕಾಗಿ
ನಾಲ್ಕನೇ ಸಲ ಸಾದಿಕ್ ಸಾಬರನ್ನೇ ಕೇಳಿದೆ:
ಗಾಜು ಬೇಡ, ಕಲ್ಲು ತಡೆಯುವಂಥದ್ದು ಏನಿದೆ?
ಶಿವಮೊಗ್ಗದಿಂದ ಅರ್ಧ ಇಂಚಿನ ಪ್ಲೈವುಡ್ಡು
ಲಗೇಜ್ ಆಟೋದಲ್ಲಿ ತಂದರು,
ಅಳೆದರು, ಕೊಯ್ದರು, ಚೌಕಟ್ಟಿಗೆ ಚಿಲಕ ಬಡಿದರು.
ಬೇಕಾದಾಗ ಇಡಿ, ಬೇಡವಾದಾಗ ತೆಗೀರಿ,
ಪಾತ್ರೆ ಮುಚ್ಚಿದ ಹಾಗೆ ಅಷ್ಟೇ, ಎಂದರು.
ಹೋಗುವಾಗ ನಕ್ಕರು:
ಷಡಾಕ್ಷರಪ್ಪನಿಗೆ ಹೇಳಿ ಮದ್ದು ಕಡಿಮೆ ಹಾಕಿಸಮ್ಮ.

ಅಡುಗೆಮನೆಗೊಂದು, ನಡುಮನೆಗೊಂದು.
ಹೊಲಿಗೆ ಮಿಷನ್ನಿನ ಕಿಟಕಿಗೆ ಸಾಲಲಿಲ್ಲ.
ಯುವಕ ಸಂಘದವರು ಬಿಸಾಡಿದ ಕೇರಂ ಬೋರ್ಡನ್ನು
ಇವರು ತಲೆ ಮೇಲೆ ಹೊತ್ತು ತಂದರು.
ಅದೂ ಪ್ಲೈವುಡ್ಡೇ ತಾನೇ.

ಇವರ ಕೆಲಸ ಅದೇ ಕ್ವಾರಿಯಲ್ಲಿ.
ಕುಳಿಗೆ ಮದ್ದು ತುಂಬುವುದು, ತಂತಿ ಎಳೆಯುವುದು,
ಕೆಂಪು ಬಾವುಟ ಬೀಸುವುದು.
ನಮ್ಮ ಗಾಜು ಒಡೆದವರ ಮೇಲೆ
ಯಾರ ಹತ್ತಿರ ದೂರಲಿ?
ಗಾಜಿನ ದುಡ್ಡೂ ಅದೇ ಸಂಬಳದ್ದು.

ಮೂರು ಗಂಟೆಗೆ ಒಂದು ಮಿಸ್ಡ್ ಕಾಲ್.
ಎತ್ತಬಾರದು. ಅದು ಮಾತಲ್ಲ.
ಒಲೆ ಆರಿಸಿ, ಕೊಡಕ್ಕೆ ತಟ್ಟೆ ಮುಚ್ಚಿ,
ಪ್ರೇಕ್ಷಾಳನ್ನು ಒಳಗೆ ಕರೆದು
ಒಂದೊಂದೇ ಹಲಗೆ ಏರಿಸುತ್ತೇನೆ.
ಮನೆಯೊಳಗೆ ಮಟಮಟ ಕತ್ತಲು.
ಬಲೆ ಕಿತ್ತುಹೋದ ನಾಲ್ಕು ಮೂಲೆಗಳಿಂದ ಮಾತ್ರ
ನಾಲ್ಕು ನಿಪ್ಪಟ್ಟಿನಷ್ಟು ಬಿಸಿಲು ನೆಲಕ್ಕೆ.
ಮೂರೂಕಾಲಿಗೆ ಸದ್ದು.
ನೆಲ ಒಮ್ಮೆ ಬಿಕ್ಕಳಿಸುತ್ತದೆ,
ಗೂಡಿನ ಲೋಟಗಳು ತಮ್ಮತಮ್ಮಲ್ಲೇ ಏನೋ ಅನ್ನುತ್ತವೆ,
ತಗಡಿನ ಮೇಲೆ ಕಡಲೆ ಸುರಿದ ಹಾಗೆ ಸಣ್ಣ ಕಲ್ಲು.
ಮುಗೀತು. ಹಲಗೆ ಗೋಡೆಗೆ ಒರಗಿಸಿ
ಬಿಟ್ಟಲ್ಲಿಂದ ಹೊಲಿಗೆ.

ಹೋದ ಗುರುವಾರ ಕಾಲ್ ಬಂತು.
ಹಲಗೆ ಏರಿಸಿದೆ.
ಸದ್ದು ಬರಲಿಲ್ಲ.

ಆರು ವರ್ಷ ಆ ಸದ್ದಿಗೆ ಶಾಪ ಹಾಕಿದವಳು
ಅದೊಂದು ಬರಲಿ ಎಂದು ಕಿವಿಗೊಟ್ಟು ಕೂತೆ.
ಮದ್ದು ಸಿಡಿಯದಿದ್ದರೆ
ಯಾರೋ ಒಬ್ಬರು ಹೋಗಿ ಬಗ್ಗಿ ನೋಡಬೇಕು.
ಯಾರೋ ಅಂದರೆ ಯಾರು ಎಂದು
ಮನೆಯಲ್ಲಿ ಎಂದೂ ಮಾತಾಡಿಲ್ಲ.

ಫೋನು ಕೈಯಲ್ಲೇ ಇತ್ತು. ಮಾಡಲಿಲ್ಲ.
ಬಗ್ಗಿದ ಮನುಷ್ಯನ ಜೇಬಿನಲ್ಲಿ
ಏನೂ ಅಲುಗಬಾರದು ಅನ್ನಿಸಿತು.

ನಾಲ್ಕು ಬಿಸಿಲ ಬಿಲ್ಲೆಗಳು ನೆಲ ಬಿಟ್ಟು
ಮಿಷನ್ನಿನ ಕಾಲು ಹತ್ತಿ
ಯಾರದೋ ಮದುವೆ ರವಿಕೆಯ ಮೇಲೆ ಕೂತವು.
ಅಮ್ಮಾ, ಇನ್ನೂ ಎಷ್ಟೊತ್ತು?
ಎಣಿಸು, ಎಂದೆ.
ನೂರಾಯ್ತು.
ಮತ್ತೆ ಒಂದರಿಂದ.

ಐದೂಮುಕ್ಕಾಲಿಗೆ ಬಾಗಿಲ ಹೊರಗೆ ಕೆಮ್ಮು.
ರೆಪ್ಪೆಗೆಲ್ಲ ಕಲ್ಲುಪುಡಿ, ಕಂಕುಳಲ್ಲಿ ಮಡಿಸಿದ ಬಾವುಟ.
ಇದೇನು, ಇನ್ನೂ ತೆಗೆದಿಲ್ಲ?
ತಂತಿ ಕಡಿದಿತ್ತಂತೆ. ನಾಳೆ ಹೊಡೀತೀವಿ, ಎಂದರು.
ಕಾಲು ತೊಳೆಯಲು ಹೋದರು.

ಅಡುಗೆಮನೆಯದು ತೆಗೆದೆ, ನಡುಮನೆಯದು ತೆಗೆದೆ.
ಕೇರಂ ಬೋರ್ಡನ್ನು ಪ್ರೇಕ್ಷಾ ತಾನೇ ಇಳಿಸಿ
ನೆಲಕ್ಕೆ ಹಾಕಿಕೊಂಡು,
ಪೌಡರ್ ಇಲ್ಲವೆಂದು
ಅಪ್ಪ ಬಿಚ್ಚಿಟ್ಟ ಅಂಗಿಯನ್ನು ಅದರ ಮೇಲೆ ಕೊಡವಿ
ಆಟಕ್ಕೆ ಕೂತಳು.