ಧ್ವನಿಪೆಟ್ಟಿಗೆ

ಮಂಗಳೂರಿನ ಅಂಗಡಿಯವ ಬರೆದುಕೊಟ್ಟ ಚೀಟಿಯ ಕೊನೆಯ ಸೊನ್ನೆ
ವಿಗಾರರ ಕನ್ನಡಕಕ್ಕೂ ಮೀರಿತ್ತು.
‘ನಾನೇ ಮಾಡ್ತೇನೆ’ ಅಂದ ನನ್ನ ಗಂಡ ಬೊನವೆಂತೂರ,
ಉಪ್ಪಳ ಪೇಟೆಯಲ್ಲಿ ಮಿಕ್ಸಿ, ಟಾರ್ಚು, ಒಮ್ಮೆ
ಯಾರದೋ ಕಿವಿಯ ಮಿಶನ್ನು ರಿಪೇರಿ ಮಾಡಿದ ಧೈರ್ಯದಲ್ಲಿ.

ಮುಚ್ಚಿದ ಟಾಕೀಸಿನ ಪರದೆಯ ಹಿಂದಿನಿಂದ ಕಿತ್ತ ಎಂಟು ಕೋನು
ಇದಿನಬ್ಬನ ಗುಜರಿಯಲ್ಲಿ ಮಕಾಡೆ ಮಲಗಿದ್ದವು.
ಎರಡರ ಕಾಗದವನ್ನು ಜಿರಳೆ ತಿಂದಿತ್ತು.
ಒಂದರ ಅಯಸ್ಕಾಂತಕ್ಕೆ ಅಂಗಡಿಯ ಮೊಳೆಯೆಲ್ಲ ಅಂಟಿತ್ತು.
ಇದಿನಬ್ಬ ಕಬ್ಬಿಣದ ರೇಟು ಹಾಕಿದ,
ಒಳಗೆ ಉಳಿದಿರಬಹುದಾದ ಹಾಡಿಗೆ ಏನೂ ಹಿಡಿಯಲಿಲ್ಲ.

ಲಗ್ನಪತ್ರಿಕೆಯೊಳಗಿನ ತೆಳು ಹಾಳೆ, ಅಂಟು, ನನ್ನ ಹಣೆಪಿನ್ನು.
ತೂತು ಮುಚ್ಚಿತು.

ಪೆಟ್ಟಿಗೆಗೆ ಜನಾರ್ದನ ಆಚಾರಿ. ಅವನು ಈ ಇಗರ್ಜಿಗೆ
ಈವರೆಗೆ ಮಾಡಿದ ಪೆಟ್ಟಿಗೆ ಒಂದೇ ತರದ್ದು.
‘ಮುಚ್ಚಳ ಬೇಡವಾ ಪೊರ್ಬುಗಳೇ?’ ಕೇಳಿದ.
ಬೇಡ. ಮಲಗುವುದಲ್ಲ, ಇದು ನಿಲ್ಲುವುದು.
ಒಂದರ ಮೇಲೊಂದು ನಾಲ್ಕು ಬಾಯಿ,
ಮಾತು ಮಾಡಿಗೆ ಹಾರಿ ಬಾವಲಿಗೆ ಸಿಗದೆ
ಬೆಂಚಿನಿಂದ ಬೆಂಚಿಗೆ ನಡೆದು ಹೋಗಲಿಕ್ಕೆ.
ಒಳಗೆ ತುಂಬಲು ಬೂರುಗದ ಹತ್ತಿ ಬೇಕಿತ್ತು.
ಆ ರಾತ್ರಿಯಿಂದ ನಾನು
ಮಡಚಿದ ಸೀರೆಯ ಮೇಲೆ ತಲೆಯಿಡುತ್ತೇನೆ.

ಶನಿವಾರ ಸಂಜೆ, ಜಪ ಮುಗಿದ ಮೇಲೆ ಸ್ವಿಚ್ಚು.
ಗುಂಯ್‌ ಎಂದಿತು.
ಮಾತಿಗೆ ಮೊದಲೇ ಎಡಬಲ ಎರಡೂ ಗೋಡೆ
ಗುಂಯ್‌.
‘ತಂತಿ ಭೂಮಿಗೆ ಮುಟ್ಟಿದೆ,
ಭೂಮಿಗೆ ಗೊತ್ತಾಗಿಲ್ಲ’ ಅಂದ ಬೊನವೆಂತೂರ.
ಮಾರ್ಚಿನ ಮುರಕಲ್ಲು, ಕುಡುಗೋಲು ಬಡಿದರೆ ಕಿಡಿ.
ನಾನು ಗುಡ್ಡದ ಬಾವಿಯಿಂದ ಎರಡು ಕೊಡ ನೀರು ತಂದೆ,
ಮೂರು ಮುಷ್ಟಿ ಉಪ್ಪು ಹಾಕಿ ಸರಳಿನ ಬುಡಕ್ಕೆ ಹೊಯ್ದೆ.
ನೆಲ ಸೊರ್ರನೆ ಕುಡಿಯಿತು.
ಒಳಗೆ ಗುಂಯ್‌ ಸಪೂರವಾಗಿ
ಘಟ್ಟ ಹತ್ತಿಹೋದ ಲಾರಿಯ ಹಾಗೆ
ಇದೆಯೋ ಇಲ್ಲವೋ ಅನ್ನುವಲ್ಲಿಗೆ ಬಂದು, ಇಲ್ಲವಾಯಿತು.

ಈಗ ಯಾರಾದರೂ ಮಾತಾಡಬೇಕು.
ಮೈಕು ನನ್ನ ಕೈಗೆ ಬಂತು.
‘ಏನು ಹೇಳ್ಲಿ?’ ಅಂದದ್ದು ಎದುರು ಗೋಡೆ ಮುಟ್ಟಿ
ನನ್ನ ಅತ್ತೆಯ ಸ್ವರದಲ್ಲಿ ವಾಪಸು ಬಂತು.
ಸಾಕು ಅಂದೆ.

ಹೊಸ್ತಿಲ ಹೊರಗೆ ಚಪ್ಪಲಿ ಕಾಯುವವನಂತೆ ನಿಂತಿದ್ದ ಆಚಾರಿಯನ್ನು ಕರೆದ.
‘ಒಂದು ಎರಡು ಮೂರು ಅನ್ನು, ಸಾಕು.’
‘ಅದು ಯಾರಿಗೆ ಗೊತ್ತಿಲ್ಲ?’
ಆಚಾರಿ ಅಂಗಿಯ ಕಿಸೆಯಿಂದ ಹಲಗೆಯ ತುಂಡೊಂದನ್ನು ತೆಗೆದ,
ಅದರ ಮೇಲೆ ಪೆನ್ಸಿಲಿನಲ್ಲಿ ಇದ್ದದ್ದನ್ನು ಓದಿದ:
ಉದ್ದ ನಾಲ್ಕಡಿ.
ಅಗಲ ಒಂಬತ್ತಿಂಚು.
ಆಳ ಏಳೂವರೆ.
ಬಾಯಿ ನಾಲ್ಕು, ಒಂದೊಂದಕ್ಕೆ ಆರಿಂಚು.
ಹಿಂದೆ ಗಾಳಿಗೆ ಒಂದು ತೂತು.

ಬೊನವೆಂತೂರ ಬೆಂಚು ಬೆಂಚಿಗೂ ಕಿವಿ ವಾಲಿಸಿ ನಡೆದ.
ಏಳನೆಯ ಬೆಂಚಿನಲ್ಲಿ ಏಳೂವರೆ, ಹದಿನಾಲ್ಕರಲ್ಲೂ ಏಳೂವರೆ.
ಆಚಾರಿಯ ಉಗುಳು ನುಂಗುವ ಸದ್ದೂ ಅಷ್ಟೇ ಸ್ಪಷ್ಟ.
ಕೊನೆಯ ಬೆಂಚಿನಲ್ಲಿ, ಜಪಮಣಿ ಹಿಡಿದು ನಿದ್ದೆಹೋಗಿದ್ದಾಳೆ
ಎಂದು ನಾವು ತಿಳಿದಿದ್ದ ಎಪೊಲಿನ್ ಬಾಯಮ್ಮ
ಎದ್ದು ನಿಂತು, ದೊಡ್ಡದಾಗಿ,
‘ಆಮೆನ್’ ಅಂದಳು.

ಯಾರೂ ನಗಲಿಲ್ಲ.
ಆಚಾರಿ ಹಲಗೆಯ ತುಂಡನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

ಮರುದಿನ ವಿಗಾರರ ಪ್ರಸಂಗ ಮೂವತ್ತೈದು ನಿಮಿಷ.
ಒಂದಕ್ಷರ ಬಿಡದೆ ಕೇಳಿಸಿತು:
ಕಪ್ಪದ ಬಾಕಿ, ಸ್ಮಶಾನದ ಬೇಲಿ, ಹುಡುಗರ ಮೊಬೈಲು.
ಹೊರಗೆ ಗೇರುಮರದ ಕೆಳಗೆ ಬಾಯಮ್ಮ
ಬೊನವೆಂತೂರನ ತೋಳು ಹಿಡಿದಳು.
‘ಹನ್ನೊಂದು ವರ್ಷ ನನಗೆ ಒಳಗಿಂದ ಒಂದು ಮಾತು ಕೇಳಿಲ್ಲ ಮಗಾ.
ಅವರ ತುಟಿ ನೋಡಿ ನಾನೇ ಹೇಳಿಕೊಳ್ತಿದ್ದೆ.
ಚೆಂದ ಇತ್ತು.’

ಈಗ ಅವಳು ಕೂರುವುದು ಬಲಗಡೆಯ ಕಂಬದ ಹಿಂದೆ.
ಅಲ್ಲಿಗೆ ಸ್ವರ ಸರಿಯಾಗಿ ಮುಟ್ಟುವುದಿಲ್ಲ,
ಪೆಟ್ಟಿಗೆಯನ್ನು ಇಷ್ಟು ತಿರುಗಿಸಿದರೆ ಮುಟ್ಟೀತು.
ಬೊನವೆಂತೂರನಿಗೆ ಅದು ಗೊತ್ತು.
ಪ್ರತಿ ಶನಿವಾರ ಸ್ಕ್ರೂಡ್ರೈವರ್ ಹಿಡಿದು ಹೋಗುತ್ತಾನೆ,
ಧೂಳು ಒರೆಸಿ ಬರುತ್ತಾನೆ.